ಅಕ್ಕ ತೆಗೆದ ಲಿಗ್ನಿನ್

ಹೋದ ವಾರ ಕಾನಹೊಸಹಳ್ಳಿ ಹತ್ತಿರ ಬಸ್ಸು ನಿಂತಿತು. ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿಯನ್ನು ಯಂತ್ರದಿಂದ ಕೊಯ್ಯುತ್ತಿದ್ದರು. ಹಸಿ ಹೊಟ್ಟಿನ ಒಗರು ವಾಸನೆ ಕಿಟಕಿಯಿಂದ ಒಳಗೆ ಬಂತು. ಅಕ್ಕ ತೀರಿಕೊಂಡ ಸುದ್ದಿ ಕೇಳಿ ನಾನು ಕೊಟ್ಟೂರಿಗೆ ಹೊರಟಿದ್ದೆ. ಅಲ್ಲಿಯವರೆಗೆ ಅವಳ ಮುಖವೂ ಸರಿಯಾಗಿ ನೆನಪಾಗುತ್ತಿರಲಿಲ್ಲ. ಆ ವಾಸನೆಯೊಂದಿಗೆ ಎಲ್ಲವೂ ಬಂತು...

ಸ್ವಂತ ಅಕ್ಕನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ನಾವಿಬ್ಬರೂ ಒಬ್ಬರೇ ಪ್ರೊಫೆಸರರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ಜಾಲಿ ಕಟ್ಟಿಗೆಯಿಂದ ಲಿಗ್ನಿನ್ ಬೇರ್ಪಡಿಸಿ ಅದರ ಅಣುತೂಕ ಕಂಡುಹಿಡಿಯುವ ಕೆಲಸ. ಲಿಗ್ನಿನ್ ಅಂದರೆ ಮರದ ನಾರುಗಳನ್ನು ಬೆಸೆದು ಗಟ್ಟಿ ಮಾಡುವ ವಸ್ತು. ಹೊರಗೆ ತೆಗೆಯುವಾಗಲೇ ಅದು ಮುರಿಯುತ್ತದೆ. ಶಾಖ ಹೆಚ್ಚಾದರೆ ಕಪ್ಪಾಗುತ್ತದೆ.

ಅಕ್ಕ ಕೊಟ್ಟೂರಿನಿಂದ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆ, ಗಂಡ, ಇನ್ನೂ ಎದೆಹಾಲು ಬಿಡದ ಮಗಳು. ಮಧ್ಯಾಹ್ನವಾದರೆ ಬಸ್ಸಿನ ಚಿಂತೆ. ಕೂಡ್ಲಿಗಿಯವಳಾದ ನಾನು ಹಗರಿಬೊಮ್ಮನಹಳ್ಳಿಯಲ್ಲೇ ರೂಮು ಮಾಡಿಕೊಂಡು ದಿನವೆಲ್ಲ ಲ್ಯಾಬಿನಲ್ಲೇ ಇರುತ್ತಿದ್ದೆ. ಆದರೂ ಅವಳ ಬಟ್ಟಲಲ್ಲಿ ಕೆನೆಬಣ್ಣದ ಪುಡಿ, ನನ್ನದರಲ್ಲಿ ಸುಟ್ಟ ಬೆಲ್ಲದಂಥದ್ದು. ಸರ್ ಅವಳ ಬಟ್ಟಲನ್ನು ಬೆಳಕಿಗೆ ಹಿಡಿದು, "ಕೆಲಸ ಅಂದ್ರ ಇದು ನೋಡ್ರಿ" ಅನ್ನುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು.

"ಪುಡಿ ಮಾಡೋ ಮಷೀನು ಯಾಕ ಒಂದ ಸಮ ಓಡಿಸ್ತಿ?" ಅನ್ನುತ್ತಿದ್ದಳು ಅಕ್ಕ. "ಹೊಟ್ಟು ಕಾಯ್ತೈತಿ. ನಿಲ್ಲಿಸು, ಆರಲಿ, ಆಮ್ಯಾಲೆ ಹಚ್ಚು."

ಅಷ್ಟು ಪ್ರೀತಿಯಿಂದ ಹೇಳಿದ್ದು ಇನ್ನಷ್ಟು ಚುಚ್ಚುತ್ತಿತ್ತು.

ಅಣುತೂಕ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಇಬ್ಬರೂ ನಮ್ಮ ನಮ್ಮ ಪುಡಿ ಹಿಡಿದು ಹೈದರಾಬಾದಿಗೆ ಹೋದೆವು. ಸಣ್ಣ ರಂಧ್ರಗಳ ಮಣಿ ತುಂಬಿದ ಕೊಳವೆಯೊಳಗೆ ದ್ರಾವಣ ಬಿಡುತ್ತಾರೆ. ಚಿಕ್ಕ ಅಣುಗಳು ರಂಧ್ರಗಳೊಳಗೆ ಹೊಕ್ಕು ತಡಮಾಡುತ್ತವೆ. ದೊಡ್ಡವು ನೇರ ಬಂದುಬಿಡುತ್ತವೆ. ಅಕ್ಕನದು ಬೇಗ ಬಂತು, ಕಾಗದದ ಮೇಲೆ ದುಂಡನೆಯ ಗುಡ್ಡದಂತೆ ಗೆರೆ ಎದ್ದಿತು. ನನ್ನದಕ್ಕಾಗಿ ಕಾದೇ ಕಾದೆವು. ಬಂದದ್ದು ಬರೀ ಚೂರುಗಳು. ಎರಡೂ ಒಂದೇ ಮರದವೇ ಎಂದು ಅಲ್ಲಿಯವರು ಕೇಳಿದರು.

ಮರುವರ್ಷ ಅಕ್ಕನಿಗೆ ಹೊಳಲಿನಲ್ಲಿ ಹೈಸ್ಕೂಲು ಟೀಚರ್ ಕೆಲಸ ಸಿಕ್ಕಿತು. ಸಂಶೋಧನೆ ಅಲ್ಲಿಗೇ ಬಿಟ್ಟಳು. ಹೋಗುವಾಗ ತನ್ನ ಪುಡಿಯ ಸೀಸೆ ನನ್ನ ಮುಂದಿಟ್ಟಳು. "ಇದನ್ನೂ ಸೇರಿಸ್ಕೊ, ನೀನ ಮುಗಿಸು."

ನಾನು ಅದನ್ನು ಮುಟ್ಟಲಿಲ್ಲ. ಹೊಸದಾಗಿ ಕಟ್ಟಿಗೆ ತಂದು, ಅವಳು ಹೇಳಿದ ಹಾಗೆಯೇ ಯಂತ್ರ ನಿಲ್ಲಿಸಿ, ಆರಿಸಿ, ಮತ್ತೆ ಓಡಿಸಿ, ಮೊದಲಿನಿಂದ ಮಾಡಿದೆ. ಕೊನೆಗೊಮ್ಮೆ ನನ್ನದೂ ಕೆನೆಬಣ್ಣಕ್ಕೆ ಬಂತು, ಹೈದರಾಬಾದಿನಲ್ಲಿ ಗೆರೆಯೂ ಎದ್ದಿತು. ಅವಳದರಷ್ಟು ಬೇಗ ಅಲ್ಲ, ಆದರೆ ಹತ್ತಿರ. ಅದನ್ನು ತೋರಿಸಲೆಂದೇ ಹೊಳಲಿಗೆ ಹೋದೆ.

ಅಕ್ಕ ಗೆರೆಯ ಮೇಲೆ ಕಣ್ಣಾಡಿಸಿದಳು. "ಚೊಲೋ ಬಂದೈತಲ್ಲವಾ! ನಂದು ಎಷ್ಟು ಬಂದಿತ್ತು?"

ಅವಳಿಗೆ ಮರೆತೇ ಹೋಗಿತ್ತು! ನನಗೆ ಬಾಯಿಪಾಠವಾಗಿದ್ದ ಅವಳ ಪುಡಿಯ ಅಣುತೂಕ ಅವಳಿಗೇ ನೆನಪಿರಲಿಲ್ಲ. "ಬಾ, ರೊಟ್ಟಿ ಬಿಸಿ ಅದಾವ" ಎಂದು ಒಳಗೆ ಕರೆದಳು. ಅಷ್ಟು ಸಲೀಸಾಗಿ ಬಿಟ್ಟುಬಿಡುವುದು ಇವಳಿಗೆ ಹೇಗೆ ಸಾಧ್ಯವಾಯಿತು?

ಆಮೇಲೆ ನನಗೆ ಡಾಕ್ಟರೇಟ್ ಬಂತು, ಚಿತ್ರದುರ್ಗದಲ್ಲಿ ಕೆಲಸ ಸಿಕ್ಕಿತು. ಅಕ್ಕನನ್ನು ಕಂಡದ್ದು ಅಪರೂಪ.

ಹೋದ ವಾರ ನಾನು ಹೋದಾಗ ಕೊಟ್ಟೂರಿನ ಮನೆ ತುಂಬ ಅವಳ ಶಿಷ್ಯರಿದ್ದರು. ಮಗಳು ಬಂದು ನನ್ನ ಕೈ ಹಿಡಿದಳು. ನಾನೆಂದೆ, "ನಿಮ್ಮವ್ವ ಜಾಲಿ ಕಟ್ಟಿಗ್ಯಾಗಿಂದ ಲಿಗ್ನಿನ್ ತೆಗೀತಿದ್ದಳು. ಆಕಿ ತೆಗೆದಂಗ ನಮಗ್ಯಾರಿಗೂ ಬರಲಿಲ್ಲ."

"ಹೌದ್ರೀ?" ಅವಳು ಬೆರಗಾದಳು. "ನಮಗ ಒಂದಿನಾನೂ ಹೇಳಿಲ್ರೀ. ನಿಮ್ಮ ಸುದ್ದಿ ಮಾತ್ರ ಭಾಳ ಹೇಳ್ತಿದ್ದಳು. ನನ್ನ ತಂಗಿ ಡಾಕ್ಟರೇಟ್ ಮಾಡ್ಯಾಳ ಅಂತ ಊರಿಗೆಲ್ಲ ಹೇಳ್ಯಾಳ."

ಹೂಮಾಲೆ ಹಾಕಿದ ಫೋಟೋದ ಮುಂದೆ ನಿಂತಾಗ ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಅಳು ಬಂದದ್ದು ಮರಳುವ ಬಸ್ಸು ಊರು ದಾಟಿ ಬಹಳ ಹೊತ್ತಾದ ಮೇಲೆ. ಪಕ್ಕದ ಸೀಟಿನ ಹೆಂಗಸು, "ಯಾರು ತೀರಿಕೊಂಡ್ರವಾ?" ಎಂದು ಕೇಳಿದಳು.

"ನಮ್ಮಕ್ಕ" ಅಂದೆ.