ಆಯಿಯ ಅಂಗೈಗೆ ಹತ್ತಿದ ನೇರಳೆ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ನಮಗೆ ಆಗಮನ ಕಾಲ. ಹಸಿರೆಲೆಯ ಚಕ್ರದಲ್ಲಿ ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ ನಿಲ್ಲಿಸಿ, ಭಾನುವಾರಕ್ಕೊಂದರಂತೆ ಹಚ್ಚುತ್ತೇವೆ. ಆ ವರ್ಷ ಬತ್ತಿ ತರುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. "ಮಿರಜಿಗೆ ಹೊಂಟೀನ್ರಿ ಫಾದರ್, ಅಲ್ಲಿಂದ ತರತೀನಿ" ಎಂದು ಬಾಯಿತುಂಬ ಹೇಳಿದವನು, ಮಿರಜಿಗೆ ಹೋಗಿ, ಹೊಟ್ಟೆತುಂಬ ಉಂಡು, ಬರಿಗೈಯಲ್ಲಿ ನಿಪ್ಪಾಣಿಗೆ ಮರಳಿದೆ. ನೆನಪಾದದ್ದು ಶನಿವಾರ ಸಂಜೆ.

ಊರಿನ ಅಂಗಡಿಗಳಲ್ಲಿ ಸಿಕ್ಕದ್ದು ಬರೀ ಬಿಳಿ ಬತ್ತಿ. ಮನೆಯಲ್ಲಿ ಹೋಳಿಯ ರಂಗಪಂಚಮಿಗೆ ತಂದ ನೇರಳೆ, ಗುಲಾಬಿ ಬಣ್ಣ ಉಳಿದಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿದೆ.

"ದೇವರ ಮುಂದ ಬಣ್ಣ ಆಡಾವ್ರೇನು?" ಎಂದಳು ಹೆಂಡತಿ.

"ಯಾರಿಗೆ ಗೊತ್ತಾಗತೈತಿ, ಸುಮ್ನಿರ."

ಚರ್ಚಿನಲ್ಲಿ ಮೊದಲ ಬತ್ತಿ ಹಚ್ಚುವ ಮಾನ ಆ ಸಲ ನಾವೆಲ್ಲ ಆಯಿ ಎಂದು ಕರೆಯುವ ಅಜ್ಜಿಗೆ ಬಂದಿತ್ತು. ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುತ್ತಲೇ ಮುಪ್ಪಾದವಳು. ಚಿಕ್ಕಂದಿನಲ್ಲಿ ನಮಗೆಲ್ಲ ಪ್ರಾರ್ಥನೆ ಬಾಯಿಪಾಠ ಮಾಡಿಸಿದವಳು. ಗುಣುಗುಟ್ಟಿದರೆ, "ಕೇಳಸಲಿಲ್ಲ, ಜೋರಾಗಿ" ಎನ್ನುತ್ತಿದ್ದಳು. ಅಂದು ಒಗೆದ ಬಿಳಿ ಸೀರೆಯುಟ್ಟು ಮುಂದೆ ಬಂದಳು. ಎಡಗೈಯಲ್ಲಿ ಬತ್ತಿಯನ್ನು ಬಿಗಿಹಿಡಿದು, ಬಲಗೈಯ ಕಡ್ಡಿ ತಾಗಿಸಿದಳು. ಬತ್ತಿ ಹೊತ್ತಿತು. ಕೈ ತೆಗೆದರೆ ಅಂಗೈ ಪೂರ್ತಿ ನೇರಳೆ. ಗಾಬರಿಯಾಗಿ ಸೆರಗಿಗೆ ಒರೆಸಿಕೊಂಡಳು, ಸೆರಗೂ ನೇರಳೆಯಾಯಿತು.

"ಆಯಿ ಈ ವರ್ಷ ರಂಗಪಂಚಮಿ ಭಾಳ ಲಗೂ ಮಾಡಿದ್ಲಲೇ" ಎಂದರು ಯಾರೋ ಹಿಂದಿನಿಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪೂಜೆ ಮುಗಿದ ಮೇಲೆ ಆಕೆ ನನ್ನ ಹತ್ತಿರವೇ ಬಂದಳು. "ತಮ್ಮಾ, ಅಷ್ಟ ದೂರದಿಂದ ತಂದಿದ್ದಿ, ನಾ ಕೆಡಿಸಿಬಿಟ್ಟೆ ನೋಡು. ಕಲ್ಲಿಲೆ ತಿಕ್ಕಿ ತೊಳಕೊಂಡ ಬಂದಿದ್ನೋ. ತಂಬಾಕದ ಕೈ, ಏನರ ಹತ್ತಿತ್ತೇನೋ."

"ಇರಲಿ ಬಿಡ ಆಯಿ" ಎಂದೆ. ಕ್ಷಮಿಸುವವನ ಧಾಟಿಯಲ್ಲಿ!

ಸಂಜೆ ಮನೆಯಲ್ಲೂ ಮೊದಲ ಬತ್ತಿ ಹಚ್ಚಬೇಕು. ಮನೆಯದಕ್ಕೆ ಬಣ್ಣ ಬಳಿದಿರಲಿಲ್ಲ; ಮನೆಯಲ್ಲಿ ನೋಡುವವರು ಯಾರು? ಹೆಂಡತಿ ಕಡ್ಡಿಪೆಟ್ಟಿಗೆಯನ್ನು ನನ್ನ ಮುಂದಿಟ್ಟಳು. ಆಯಿ ಕಲಿಸಿದ ಪ್ರಾರ್ಥನೆ ನನ್ನ ಬಾಯಿಂದ ಅರ್ಧಕ್ಕಿಂತ ಮುಂದೆ ಬರಲಿಲ್ಲ.

ಮುಂದಿನ ಭಾನುವಾರ ಆಯಿ ಕಡೆಯ ಸಾಲಿನಲ್ಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಫಾದರ್ ಕೊಡುವ ಪರಮಪ್ರಸಾದಕ್ಕೆ ಯಾವಾಗಲೂ ಅಂಗೈ ಒಡ್ಡುವವಳು ಅಂದು ಕೈ ಹೊರಗೆ ತೆಗೆಯದೆ ಬಾಯಿ ತೆರೆದಳು. ಅದನ್ನು ನೋಡಿ ನನಗೆ ಕೂರಲಾಗಲಿಲ್ಲ. ಅಂಗಳದಲ್ಲಿ ಆಕೆಯನ್ನು ತಡೆದು ಎಲ್ಲ ಹೇಳಿಬಿಟ್ಟೆ: ಮರೆತದ್ದು, ಬಣ್ಣ, ಎಣ್ಣೆ.

ಆಕೆ ಬೈಯಲಿಲ್ಲ. "ಹಂಗಾರ ನನ್ನ ಕೈ ಸ್ವಚ್ಛ ಇತ್ತು?"

"ಇತ್ತು, ಆಯಿ."

ಜನ ಇನ್ನೂ ಚರ್ಚಿನ ಮೆಟ್ಟಿಲ ಮೇಲೆ ಮಾತಾಡುತ್ತ ನಿಂತಿದ್ದರು. ಆಕೆ ಸೆರಗಿನಿಂದ ಕೈ ತೆಗೆದು ಅತ್ತ ತೋರಿಸಿದಳು. "ಅವರಿಗೂ ಹೇಳು."

ತಿರುಗಿ ಹೇಳಿದೆ. ಹೇಳಿದ್ದಲ್ಲ, ಗುಣುಗುಟ್ಟಿದ್ದು.

"ಕೇಳಸಲಿಲ್ಲ" ಎಂದಳು ಆಯಿ ಹಿಂದಿನಿಂದ. "ಜೋರಾಗಿ."