ಮಲ್ಸುನಕ್ಕನ ಹರಿದ ಜರಡಿ

ಮಲ್ಸುನಕ್ಕ ನಮ್ಮೂರ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ, ಹುಳಿ ಬರಿಸಿದ ಕೋಸಿನ ಕಿಮ್ಚಿ, ಮೀನಿನ ತುಂಡು ದಿನವೂ ಡ್ರಮ್ಮುಗಟ್ಟಲೆ ಲಾರಿ ಹತ್ತುವುದನ್ನು ನೋಡಿ ನೋಡಿ ಅವಳ ಹೊಟ್ಟೆ ಉರಿಯುತ್ತಿತ್ತು. ನಿವೃತ್ತಿಯಾದ ವರ್ಷವೇ, ಗಂಡ ಸ್ಟ್ರಾಬೆರಿ ಬೆಳೆಯುತ್ತಿದ್ದ ಪ್ಲಾಸ್ಟಿಕ್ ಚಪ್ಪರದೊಳಗೆ ಹುಳು ಸಾಕತೊಡಗಿದಳು. ಒಂದು ಜಾತಿಯ ಕಪ್ಪು ನೊಣದ ಮರಿಗಳು ಅವು. ಎಂಜಲಿನ ನೀರು ಬಸಿದು, ತೌಡು ಬೆರೆಸಿ ಸುರಿದರೆ ಹದಿನೈದು ದಿನದಲ್ಲಿ ತಿಂದು ಕೊಬ್ಬುತ್ತವೆ. ಆಮೇಲೆ ಕಸಕಡ್ಡಿ ಮೇಲೆ ಉಳಿಯುವಂತೆ ಜರಡಿ ಹಿಡಿದು, ಕೆಳಗೆ ಬಿದ್ದ ಹುಳುಗಳನ್ನು ಕೋಳಿಗೆ ಹಾಕುವುದು.

ಬಸ್ ನಿಲ್ದಾಣದ ಪಕ್ಕದ ನನ್ನ ಸೂಪಿನ ಅಂಗಡಿಯ ಎಂಜಲೂ ಅವಳಿಗೇ ಹೋಗುತ್ತಿತ್ತು. ಬೆಳಿಗ್ಗೆ ಬಂದು ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದಳು.

"ಥೂ, ಏನಕ್ಕ ಅದು!"

"ಉಪ್ಪು ಜಾಸ್ತಿಯಾದ್ರೆ ಹುಳ ತಿನ್ನಲ್ಲ ಕಣೇ. ಇನ್ನೊಂದು ಮಾತು ತಂಗಿ, ಆ ಮರದ ಹಲ್ಲುಕಡ್ಡಿ ಬಿಟ್ಟು, ನೆನೆದ್ರೆ ಕರಗೋ ಹಿಟ್ಟಿನ ಕಡ್ಡಿ ಇಡು. ಅವು ಏನು ಬೇಕಾದ್ರೂ ತಿಂತವೆ, ಮರ ಮಾತ್ರ ತಿನ್ನಲ್ಲ."

"ಈ ಡಬ್ಬ ಖಾಲಿಯಾಗ್ಲಿ ಅಕ್ಕ" ಎಂದಿದ್ದೆ. ಅದು ಖಾಲಿಯಾದ ಮೇಲೆ ಮರದ ಕಡ್ಡಿಯದೇ ಇನ್ನೊಂದು ಡಬ್ಬ ತೆರೆದೆ.

ಹುಳು ಒಯ್ಯುತ್ತಿದ್ದವನು ನೆರೆಮನೆಯ ದೊಕ್ಚಿಲ್ ಮಾವ. ಹೆಂಡತಿ ತೀರಿಕೊಂಡ ಮೇಲೆ ಅರವತ್ತು ಕೋಳಿಗಳೇ ಅವನ ಸಂಸಾರ. "ಮಕ್ಕಳಿಗೆ ಬಡಿಸ್ತಿದ್ದೋಳು ಈಗ ಹುಳಕ್ಕೆ ಬಡಿಸ್ತೀಯ, ಒಳ್ಳೆ ಬಡ್ತಿ ಸಿಕ್ತು!" ಎಂದು ಕೆಣಕುವನು. "ಹುಳ ನಿಮ್ಮ ಹಾಗೆ ಕೊಂಕು ತೆಗಿಯಲ್ಲ ಮಾವ" ಎನ್ನುವಳು ಇವಳು.

ಜನವರಿಯಲ್ಲಿ ಅವನ ಎರಡು ಕೋಳಿ ಸತ್ತವು. ಮರುದಿನ ಇನ್ನೊಂದು. ಕಾಡುಬಾತುಗಳು ಬಂದಿಳಿಯುವ ಕಾಲ ಅದು. ಹಕ್ಕಿಜ್ವರದ ಸುದ್ದಿ ಟೀವಿಯಲ್ಲಿ ಬರುತ್ತಲೇ ಇತ್ತು. ಮಾವ ಪಶು ಇಲಾಖೆಗೆ ಫೋನ್ ಮಾಡಿದ. ಬಿಳಿ ಉಡುಪಿನವರು ಬಂದು ದಾರಿಗೆ ಸುಣ್ಣ ಚೆಲ್ಲಿ, ಅವನ ಅಂಗಳಕ್ಕೆ ಹಗ್ಗ ಕಟ್ಟಿದರು. ಜ್ವರವೇ ಆಗಿದ್ದರೆ ಸುತ್ತಲಿನ ಕೋಳಿಗಳನ್ನೆಲ್ಲ ಹೂಳಬೇಕಾಗುತ್ತದೆ ಎಂದರು.

"ನೀನು ಕೊಟ್ಟ ಹುಳದಿಂದ್ಲೇ ಬಂದಿದ್ದು ಇದು!" ಮಾವ ಹಗ್ಗದಾಚೆಯಿಂದ ಕೂಗಿದ.

ಆ ಮಧ್ಯಾಹ್ನ ಮಲ್ಸುನಕ್ಕ ನನ್ನ ಅಂಗಡಿಯಲ್ಲಿ ಕೂತಿದ್ದಳು. ಮುಂದಿಟ್ಟ ಸೂಪು ಆರಿ, ಮೇಲೆ ಕೊಬ್ಬು ಕಟ್ಟಿತು.

"ನಾನೇ ಏನೋ ಮಾಡಿಬಿಟ್ಟಿದೀನಿ ಕಣೇ. ಏನು ಅಂತ ಹೊಳೀತಿಲ್ಲ. ಈ ಕಡೆ ಹುಳಗಳು ನಿಲ್ಸಲ್ಲ, ತಿಂತಾನೇ ಇವೆ. ತೊಟ್ಟಿ ಹತ್ತಿರ ಹೋದ್ರೆ ಮಳೆ ಹನಿಯೋ ಹಾಗೆ ಸದ್ದು."

ಮರುದಿನ ಬೆಳಿಗ್ಗೆ ಅವಳು ಒಂದೊಂದೇ ಪಾತ್ರೆ, ಬುಟ್ಟಿ, ಸಲಿಕೆಯನ್ನು ಹೊರಗಿಟ್ಟು ನೋಡಿದಳು. ದೊಡ್ಡ ಜರಡಿಯ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ತಂತಿ ಬಿಟ್ಟುಕೊಂಡಿತ್ತು. ಶರತ್ಕಾಲದಲ್ಲೇ ಅದನ್ನು ಕಂಡು, ನಾಳೆ ಸರಿಮಾಡಿದರಾಯಿತು ಎಂದು ತಂತಿ ತಿರುಚಿ ಬಿಟ್ಟಿದ್ದು ನೆನಪಾಯಿತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಅವಳು ಜರಡಿಯನ್ನು ಎತ್ತಿಕೊಂಡು ನೆಟ್ಟಗೆ ಹಗ್ಗದ ಬಳಿಗೆ ನಡೆದಳು.

"ಮಾವ, ಸತ್ತ ಕೋಳಿ ಹೊಟ್ಟೇಲಿ ಕಡ್ಡಿ ಇದ್ಯಾ ನೋಡೋಕೆ ಪಶು ಡಾಕ್ಟರಿಗೆ ಹೇಳಿ. ನನ್ನ ಜರಡಿ ಹರಿದಿದೆ. ಗೊತ್ತಿದ್ದೂ ಸುಮ್ನಿದ್ದೆ."

ಡಾಕ್ಟರು ಕೊಯ್ದು ನೋಡಿದರು. ಮೂರರಲ್ಲೂ ಹಲ್ಲುಕಡ್ಡಿಯ ಚೂರು ಕರುಳಿಗೆ ಚುಚ್ಚಿಕೊಂಡಿತ್ತು. ಹಗ್ಗ ಮಾತ್ರ ಬಿಚ್ಚಲಿಲ್ಲ. ಜ್ವರವಿಲ್ಲ ಎಂದು ವರದಿ ಬರುವ ತನಕ ಇನ್ನೂ ಒಂದು ದಿನ ಊರಿಡೀ ಕಾಯಬೇಕಾಯಿತು.

ಕಡ್ಡಿ ಯಾರ ಅಂಗಡಿಯದೆಂದು ಮಲ್ಸುನಕ್ಕ ಬಾಯಿ ಬಿಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಹಗ್ಗ ಬಿಚ್ಚಿದ ದಿನ ನಾನೂ ಹೋಗಿ ಮಾವನೆದುರು ನಿಂತೆ.

"ಕಡ್ಡಿ ನನ್ನ ಅಂಗಡೀದು ಮಾವ. ಅಕ್ಕ ಬೇಡ ಅಂದಿದ್ಲು."

ಅವನು ನಮ್ಮಿಬ್ಬರನ್ನೂ ದಿಟ್ಟಿಸಿದ. "ಇಬ್ರೂ ಸೇರಿ ನನ್ನ ಮೂರು ಹೆಣ್ಮಕ್ಕಳನ್ನ ಕೊಂದ್ರಿ" ಎಂದು ಬಾಗಿಲು ಹಾಕಿಕೊಂಡ.

ಎರಡು ತಿಂಗಳು ಅವನು ಹುಳು ಮುಟ್ಟಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಖಾಲಿ ಬಕೆಟ್ಟು ತಂದು ಅವಳ ಚಪ್ಪರದ ಬಾಗಿಲಲ್ಲಿ ಇಟ್ಟ. ಅವಳು ಹೊಸ ಜರಡಿಯಲ್ಲಿ ಎರಡು ಸಲ ಆಡಿಸಿ, ಕೈಗವಸು ಕಳಚಿ, ಮಿಜಿಗುಡುವ ಹುಳುಗಳ ನಡುವೆ ಕಡ್ಡಿಯೇನಾದರೂ ಉಳಿದಿದೆಯೇ ಎಂದು ಬರಿಗೈಯಲ್ಲೇ ತಡಕಿದಳು. ಬಕೆಟ್ಟನ್ನು ತಾನೇ ಹೊತ್ತು ಹೋಗಿ ಗೂಡಿನ ಮುಂದೆ ಸುರಿದಳು. ಈಗಲೂ ಹಾಗೆಯೇ, ಕೊನೆಯ ಕೋಳಿ ತಿಂದು ಮುಗಿಸುವ ತನಕ ಅವಳು ಅಲ್ಲಿಂದ ಕದಲುವುದಿಲ್ಲ.