ತತ್ತಿಯ ಎರಡನೇ ಸಿಪ್ಪೆ

ನಿಮ್ಮ ಅಜ್ಜ ಸೈನ್ಯದ ಪಲ್ಟನ್ನಿನಲ್ಲಿದ್ದಾಗ ಮೈಗೆ ಎಣ್ಣೆ ಹಚ್ಚಿಕೊಂಡು, ತೋಳು ಉಬ್ಬಿಸಿ ನಿಂತ ಫೋಟೋ ನೋಡಿ ಮೊನ್ನೆ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. "ಅಜ್ಜಿ, ಅಜ್ಜಗ ಏನೇನ ತಿನಿಸಿದ್ದಿ ನೀ?" ಎಂದು ಕೇಳಿದಿರಿ. ನಾನು ಎದ್ದು ಒಳಗೆ ಹೋದೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಈಗಲೂ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಮೈ ನಾನು ತಿನ್ನಿಸಿ ಬೆಳೆಸಿದ್ದಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ನಾನು ಮರೋಳದ ಸಾಲಿಯಲ್ಲಿ ಏಳನೆಯ ತನಕ ಓದಿದವಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಇಳಕಲ್ಲಿಗೆ ಸೊಸೆಯಾಗಿ ಬಂದೆ. ಹೊರಗಿನ ಪಡಸಾಲೆಯಲ್ಲಿ ಮಾವನ ಕುಣಿಮಗ್ಗ, ಒಳಗೆ ಅತ್ತೆಯ ಅಡುಗೆಮನೆ. ನಿಮ್ಮ ಅಜ್ಜ ಮದುವೆ ಮುಗಿಸಿಕೊಂಡು ವಾರದಲ್ಲೇ ಡ್ಯೂಟಿಗೆ ಹೋದರು. ವರ್ಷ ಕಳೆದು ಬಾದಾಮಿಯವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ರಜೆಗೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಹೋದವರ ಎರಡು ಪಟ್ಟು ಆಗಿ ಬಂದಿದ್ದರು.

ಪಲ್ಟನ್ನಿನಲ್ಲಿ ಮೈಕಟ್ಟಿನ ಸ್ಪರ್ಧೆ ಇತ್ತಂತೆ. ರಜೆ ಮುಗಿಸಿ ಹೋದ ಕೂಡಲೇ ಅದರಲ್ಲಿ ನಿಲ್ಲಬೇಕು. ಅಲ್ಲಿ ಅವರು ತಮ್ಮ ಪಾಲಿನ ರಮ್ಮನ್ನು ಜೊತೆಯವರಿಗೆ ಕೊಟ್ಟು ಅವರ ಪಾಲಿನ ಹಾಲು ತಗೊಳ್ಳುತ್ತಿದ್ದರು. ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ಪೂರಿ ಮಾಡಿದ ದಿನ ಪೂರಿ ಬಿಟ್ಟುಕೊಟ್ಟು ತತ್ತಿ ಕೇಳುತ್ತಿದ್ದರು. ಮಂಚದ ಕೆಳಗೆ ಚಹಾದ ಮಗ್ಗಿನಲ್ಲಿ ಕಡಲೆ ನೆನೆಹಾಕುತ್ತಿದ್ದರು. ಗುಡ್ಡದ ಮೇಲಿನ ಚೌಕಿಗೆ ಕಳಿಸಿದಾಗ ಉಸುಕಿನ ಚೀಲ ಎತ್ತಿ ಎತ್ತಿ ತೋಳು ಉಳಿಸಿಕೊಂಡಿದ್ದರು. ಇದನ್ನೆಲ್ಲ ಅವರು ಮಾವನ ಮುಂದೆ ಹೇಳುವಾಗ ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ.

ಬಾಗಿಲ ಹಿಂದೆ ಯಾಕೆ ಎಂದು ನೀವು ಕೇಳುತ್ತೀರಿ. ಆಗ ಹಿರಿಯರ ಎದುರಿಗೆ ಗಂಡನ ಜೊತೆ ಹಗಲು ಮಾತಾಡುವಂತಿರಲಿಲ್ಲ. ಹಗಲು ಅವರಿಗೂ ನನಗೂ ಇದ್ದ ನಂಟೆಂದರೆ ಊಟದ ಗಂಗಾಳವೊಂದೇ. ರೊಟ್ಟಿ ನೀಡುವಾಗ ಅವರ ಮುಂದೆ ಒಂದು ಗಳಿಗೆ ಕೂರಬಹುದಿತ್ತು. ವರ್ಷವಿಡೀ ನಾನು ಕಾದದ್ದು ಅದಕ್ಕೆ. ಅವರೋ ಅರ್ಧ ರೊಟ್ಟಿ, ಎರಡು ಚಮಚೆ ಮಡಕಿಕಾಳಿನ ಪಲ್ಯ ತಿಂದು ಕೈ ತೊಳೆದುಬಿಡುತ್ತಿದ್ದರು. ಶೇಂಗಾ ಹೋಳಿಗೆ ಮಾಡಿದರೆ ಮುಟ್ಟುತ್ತಲೂ ಇರಲಿಲ್ಲ.

ಹೊಟ್ಟೆ ಬೇರೆಲ್ಲೋ ತುಂಬುತ್ತಿತ್ತು. ಬಂದ ಮರುದಿನವೇ ಅವರು ಅತ್ತೆಗೆ ತತ್ತಿಯ ವಿಷಯ ತೆಗೆದಿದ್ದರು. ಅತ್ತೆ ಲಿಂಗಪೂಜೆ ಆಗದೆ ನೀರೂ ಕುಡಿಯದವರು.

"ನನ್ನ ಒಲಿ ಮ್ಯಾಲ ಅದನ್ನ ಇಡಾಂಗಿಲ್ಲ. ಹೊರಗ ಏನರ ತಿನ್ನು, ನನಗ ಹೇಳಬ್ಯಾಡ," ಎಂದುಬಿಟ್ಟರು.

ಹೊರಗೆ ಎಂದರೆ ಹಿತ್ತಲ ಗೋಡೆಯ ಆಚೆಯ ಮನೆ. ಅಲ್ಲಿ ಅವರ ಬಾಲ್ಯದ ಗೆಳೆಯನಿದ್ದ, ಅವನೂ ನೇಕಾರ. ಅವನ ಹೆಂಡತಿಯನ್ನು ಎಲ್ಲರೂ ಭಾಬಿ ಎನ್ನುತ್ತಿದ್ದೆವು. ಎತ್ತರದ ಹೆಂಗಸು, ದೊಡ್ಡ ನಗು, ಹಿತ್ತಲ ತುಂಬ ಕೋಳಿ. ಬೆಳಿಗ್ಗೆ ಇವರು ಕಲ್ಲುಗುಂಡು ಎತ್ತಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು: "ಏ ಫೌಜಿ, ಬಾರೋ! ತತ್ತಿ ಆರಿ ಹೋಗ್ತಾವ ನೋಡ!" ಇವರು ಹುಡುಗನಂತೆ ಓಡುತ್ತಿದ್ದರು. ಆಮೇಲೆ ಆಚೆಯಿಂದ ನಗು ಕೇಳುತ್ತಿತ್ತು. ನಾನು ಈಚೆ ರೊಟ್ಟಿ ಬಡಿಯುತ್ತಿದ್ದೆ. ನನ್ನ ರೊಟ್ಟಿಯ ಸಪ್ಪಳ ಆ ದಿನಗಳಲ್ಲಿ ಜೋರಾಗಿದೆ ಎಂದು ಮಾವ ಮಗ್ಗದಿಂದಲೇ ಹೇಳಿದರು. ಭಾಬಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದುಕೊಂಡು ಸುಮ್ಮನಿರುತ್ತಿದ್ದೆ.

ಅಮಾವಾಸ್ಯೆಗೆ ಅತ್ತೆ ಮಾವ ಇಬ್ಬರೂ ಶಿವಯೋಗ ಮಂದಿರಕ್ಕೆ ಹೊರಟರು. ಹಿಂದಿನ ದಿನವೇ ನಾನು ಸೊಪ್ಪು ಮಾರುವ ಮುದುಕಿಗೆ ಜೋಳ ಕೊಟ್ಟು ತತ್ತಿ ತರಿಸಿ, ಉರುವಲ ಕುಳ್ಳಿನ ರಾಶಿಯಲ್ಲಿ ಮುಚ್ಚಿಟ್ಟಿದ್ದೆ. ಅತ್ತೆಯ ಒಲೆಯನ್ನಂತೂ ಮುಟ್ಟಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬಾಯಿ ಒಡೆದ ಗಡಿಗೆಯಲ್ಲಿ ಕುದಿಸಿದೆ.

ಕುದಿಸುವುದೇನೋ ಗೊತ್ತಿತ್ತು. ಬೆಂದ ತತ್ತಿಯ ಒಳಗನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೇಲಿನ ಗಟ್ಟಿ ಸಿಪ್ಪೆ ಒಡೆದೆ. ಒಳಗೆ ಬೆಳ್ಳಗೆ, ಮೆತ್ತಗೆ ಇನ್ನೊಂದು ಇತ್ತು. ಶೇಂಗಾಕ್ಕೂ ಎರಡು ಸಿಪ್ಪೆ ಇರುತ್ತವಲ್ಲ. ಹೋಳಿಗೆಗೆ ಹೂರಣ ಮಾಡುವಾಗ ಎರಡನ್ನೂ ತೆಗೆದೇ ರೂಢಿ. ಬಿಳಿಯದನ್ನು ಬಿಡಿಸಿ ನೋಡಿದರೆ ಬೇಸನ್ ಉಂಡಿಯಂಥ ಹಳದಿ ಗುಂಡು. ಇದೇ ತಿನ್ನುವುದು ಎಂದು ಎಷ್ಟು ಸಂತೋಷವಾಯಿತು! ಬಿಳಿಯದನ್ನೆಲ್ಲ ತಿಪ್ಪೆಗೆ ಚೆಲ್ಲಿ, ಗುಂಡುಗಳನ್ನು ಗಂಗಾಳದಲ್ಲಿ ಜೋಡಿಸಿ, ಅವರು ಕಲ್ಲು ಇಳಿಸುವುದನ್ನೇ ಕಾದೆ.

ಅವರು ಗಂಗಾಳ ನೋಡಿದರು. ನನ್ನನ್ನು ನೋಡಿದರು.

"ಬಿಳೇದು ಎಲ್ಲೈತಿ?"

"ಸಿಪ್ಪಿ ಎರಡೂ ತಿಪ್ಪಿಗೆ ಹಾಕೇನ್ರಿ."

ಅವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆಯೇ ಕುಳಿತರು. "ಅಯ್ಯ ಹುಚ್ಚಿ, ನಾ ತಿನ್ನೂದು ಅದನ್ನ! ಸ್ಪರ್ಧಾ ಮುಗಿಯೂತನಕ ಈ ಹಳದಿ ಮುಟ್ಟಬ್ಯಾಡ ಅಂತ ಕಸರತ್ತಿನ ಉಸ್ತಾದ ಹೇಳ್ಯಾನ!"

"ಇವತ್ತೊಂದಿನ ತಿನ್ರಿ," ಎಂದೆ. ಹಗಲು ಹೊತ್ತಿನಲ್ಲಿ ನಾನಾಗಿ ಅವರಿಗೆ ಆಡಿದ ಮೊದಲ ಮಾತು ಅದು. ಅವರು ಇನ್ನೂ ನಗುತ್ತಲೇ ಇದ್ದರು. "ತಿನ್ರಿ," ಎಂದು ಮತ್ತೆ ಹೇಳಿದೆ. ಅವರು ತಲೆ ಅಲ್ಲಾಡಿಸಿ ಗೋಡೆಯ ಕಡೆ ತಿರುಗಿದರು. "ಭಾಬಿ, ಇಲ್ಲಿ ಬಾ, ತಮಾಷಿ ನೋಡ ಬಾ!"

ಅವರು ನಕ್ಕದ್ದಕ್ಕೆ ನನಗೆ ಅಷ್ಟು ಉರಿಯಲಿಲ್ಲ. ಆಕೆಯನ್ನು ಕರೆದದ್ದಕ್ಕೆ ಉರಿಯಿತು.

ಭಾಬಿ ಗೋಡೆಯ ಮೇಲಿಂದ ಇಣುಕಿದಳು. ಗಂಗಾಳ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ಮುಖ ಕಂಡಿರಬೇಕು, ಸೆರಗು ಇಳಿಸಿದಳು.

"ನಗ್ತೀಯಲ್ಲೋ ಭಾಡ್ಯಾ! ಹುಟ್ಟಾ ಮುಟ್ಟಲಾರದಕಿ ನಿನ್ನ ಸಲುವಾಗಿ ಮುಟ್ಯಾಳ. ಒಂದೂ ಬಿಡಬಾರದು, ತಿನ್ನು ಮೊದಲ!"

ಅವರು ನಗು ನಿಲ್ಲಿಸಿದರು. ಒಂದೊಂದಾಗಿ ಅಷ್ಟನ್ನೂ ತಿಂದರು. ನಡುವೆ ಗಂಟಲು ಹಿಡಿದು ನೀರು ಬೇಡಿದರು, ಕೊಟ್ಟೆ. ಕೊನೆಗೂ ಅವರು ನನ್ನ ಕೈಯ ತತ್ತಿ ತಿಂದರು. ನನಗೆ ಸಂತೋಷವಾಗಬೇಕಿತ್ತು, ಅಲ್ಲವೇ? ನಾನು ಎರಡು ಸಲ ಹೇಳಿದಾಗ ಏಳದ ಕೈ ಆಕೆ ಒಮ್ಮೆ ಹೇಳಿದ್ದಕ್ಕೆ ಎದ್ದಿತ್ತು. ಗಂಗಾಳ ತೊಳೆಯುವಾಗ ನನಗೆ ಅದೊಂದೇ ಕಾಣುತ್ತಿತ್ತು.

ಭಾಬಿ ಹೋಗುವಾಗ, "ನಾಳಿಂದ ನೀನೂ ಬಾ ತಂಗಿ. ಹಳದಿ ನಮ್ಮ ಹುಡುಗುರು ತಿಂತಾವ, ಬಿಳೇದು ಇವಗ. ನೀನ ಸುಲದು ಕೊಡು," ಎಂದಳು. ಹೋಗಬಾರದು ಎಂದುಕೊಂಡೆ. ಬೆಳಿಗ್ಗೆ ಅತ್ತೆ ಲಿಂಗಪೂಜೆಗೆ ಕೂತ ಹೊತ್ತು ನೋಡಿ, ಎಲ್ಲರಿಗಿಂತ ಮೊದಲು ಹೋದೆ. ಆಕೆ ಕುದಿಸಿದಳು, ನಾನು ಸುಲಿದೆ. ಒಂದೇ ಸಿಪ್ಪೆ ತೆಗೆದು, ಹಳದಿ ಬಿಡಿಸಿ, ಬಿಳಿಯದನ್ನು ಅವರ ಮುಂದಿಟ್ಟೆ. ಅವರು ನನ್ನ ಕಡೆ ನೋಡಿ ನಕ್ಕರು. ಹಿಂದಿನ ದಿನದ ನಗುವಲ್ಲ. ಎದೆ ತುಸು ತಣ್ಣಗಾಯಿತು.

ಅಷ್ಟರಲ್ಲಿ ಅವರು ಎದ್ದು, ಯಾರನ್ನೂ ಕೇಳದೆ, ಭಾಬಿಯ ಅಡುಗೆಮನೆಯ ಗೋಡೆಗೂಡಿನಲ್ಲಿ ಸಾಲಾಗಿದ್ದ ಡಬ್ಬಿಗಳಲ್ಲಿ ಹಿಂದಿನದಕ್ಕೆ ಕೈ ಹಾಕಿ ಮೆಣಸಿನ ಪುಡಿ ತೆಗೆದರು. ನಮ್ಮ ಮನೆಯಲ್ಲಿ ಉಪ್ಪು ಎಲ್ಲಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಅತ್ತೆಯ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನೇ ನಾನು ಕಂಡಿರಲಿಲ್ಲ.

ಮರುದಿನ ಅವರು ಮೆಣಸಿಗೆಂದು ಏಳುವ ಮೊದಲೇ ನಾನು ಎದ್ದು ಗೂಡಿನಿಂದ ಆ ಡಬ್ಬಿ ತೆಗೆದೆ. ರಜೆ ಮುಗಿಯುವ ತನಕ, ನಾನು ತತ್ತಿ ಸುಲಿಯುವಾಗ ಅದು ನನ್ನ ಮೊಣಕಾಲ ಪಕ್ಕದಲ್ಲೇ ಇರುತ್ತಿತ್ತು.